ಬೋರಿಗೆ ಸಾಲ ಕೊಡುವ ಮುಂಚೆ
(ಮಹಿಳಾ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಆಡಿದ ಮಾತುಗಳು)

ನೀರಿನ ಬಗ್ಗೆ ಮಾತಾಡಿ ಅಂತ ಒಕ್ಕೂಟದವರು ಹೇಳಿದ್ದಾರೆ. ನಾನು ಸಾಲದಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಅಕ್ಕ ಒಬ್ಬರು ಮೂರನೇ ಬೋರ್ ಕೊರೆಸೋಕೆ ಸಾಲ ಕೇಳಿದರು. ಮೊದಲಿನ ಎರಡೂ ಬತ್ತಿದ್ದವು. ನಡಾವಳಿ ಪುಸ್ತಕಕ್ಕೆ ಎಲ್ಲರೂ ಸಹಿ ಹಾಕಿದರು. ನಾನೂ ಅಲ್ಲೇ ಕೂತಿದ್ದೆ, ಬೇಡ ಅನ್ನಲಿಲ್ಲ. 700 ಅಡಿ ಹೋದರೂ ಬಂದದ್ದು ಬರೀ ಧೂಳು. ಬೋರ್ ಕೊರೆಸೋಣ ಅಂದವರು ಯಜಮಾನರು, ಕೂಲಿ ಮಾಡಿ ಕಂತು ಕಟ್ಟಿದವರು ಆ ಅಕ್ಕ. ಅದರಲ್ಲಿ ನನ್ನ ತಪ್ಪೂ ಇದೆ.

ಮಳೆ ಈಗ ಮೊದಲಿನ ಹಾಗಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯನ್ನೇ ನೋಡಿ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತು. ಟೆಂಪೋ ಮಾಡಿಕೊಂಡು ನೋಡೋಕೆ ಹೋಗಿದ್ದೆವು, ನೆನಪಿದೆಯಾ? ಮರುವರ್ಷವೇ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಸುರಿದರೆ ಒಂದೇ ಸಲ ಸುರಿಯುತ್ತದೆ. ಅಂಥ ರಭಸದ ಮಳೆ ನೆಲದಲ್ಲಿ ಇಂಗುವುದಕ್ಕಿಂತ ಹರಿದು ಹೋಗುವುದೇ ಹೆಚ್ಚು.

ಇನ್ನು ಆಳದ ನೀರು. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ಆ ನೀರಿನಲ್ಲಿ ನಮ್ಮ ಕಡೆ ಎಷ್ಟೋ ಊರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಮಕ್ಕಳ ಹಲ್ಲು ಕಂದಾಗುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. "ಕುದಿಸಿದರೆ ಹೋಗುತ್ತಾ ಸಿಸ್ಟರ್?" ಅಂತ ಕೇಳ್ತೀರಿ. ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಾಗುತ್ತದೆ.

ಮಳೆ ನೀರಿಗೆ ಆ ತೊಂದರೆ ಇಲ್ಲ. ಲೆಕ್ಕ ಹಾಕೋಣ. 20 ಅಡಿ ಉದ್ದ, 20 ಅಡಿ ಅಗಲದ ಮಾಳಿಗೆ ಅಂದರೆ ಸುಮಾರು 37 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೂ 18,500 ಲೀಟರ್ ಬೀಳುತ್ತದೆ. ಕಾಲು ಭಾಗ ಪೋಲಾಗಲಿ, 13,800 ಸಿಗುತ್ತದೆ. ಕುಡಿಯೋಕೆ, ಅಡುಗೆಗೆ ದಿನಕ್ಕೆ 30 ಲೀಟರ್ ಅಂದರೆ ಬೇಸಿಗೆಯ ನಾಲ್ಕು ತಿಂಗಳಿಗೆ 3,600 ಸಾಕು. 5,000 ಲೀಟರಿನ ತೊಟ್ಟಿ ಧಾರಾಳ. ಮೊದಲ ಮಳೆ ಹೊರಗೆ ಬಿಡಿ, ಸೋಸಿ ತುಂಬಿಸಿ, ಸೊಳ್ಳೆ ಹೋಗದ ಹಾಗೆ ಮುಚ್ಚಿ, ಕುದಿಸಿ ಕುಡಿಯಿರಿ.

ತೊಟ್ಟಿ ಸಾಲಕ್ಕೆ ಅರ್ಜಿ ಬಂದರೆ ಮೊದಲು ಕೊಡಿ. ಬೋರಿಗೆ ಕೇಳಿದರೆ, ಹಳೇ ಬೋರಿನ ಪಕ್ಕ ಇಂಗುಗುಂಡಿ ತೆಗೆದಿದ್ದೀರಾ ಅಂತ ಕೇಳಿ, ಉತ್ತರ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ಸಭೆಗೆ ಬರುವಾಗ ನಿಮ್ಮ ನಿಮ್ಮ ಊರಲ್ಲಿ ಬತ್ತಿದ ಬೋರು ಎಷ್ಟಿವೆ, ಎಣಿಸಿಕೊಂಡು ಬನ್ನಿ.