ಮೂರು ದಿನಕ್ಕೆ ಮಾಯುವ ಮೊಡವೆ



ಚರ್ಮರೋಗ ತಜ್ಞರ ಸಮ್ಮೇಳನದಲ್ಲಿ ಅಧ್ಯಕ್ಷ ಭಾಷಣವೆಂದರೆ ವರ್ಷದ ಸಾಧನೆಗಳ ಪಟ್ಟಿ ಓದುವುದು ವಾಡಿಕೆ. ಆ ಪಟ್ಟಿ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿದೆ, ಊಟದ ಸಾಲಿನಲ್ಲಿ ನಿಂತಾಗ ಓದಿಕೊಳ್ಳಿ. ನನಗೆ ಕೊಟ್ಟಿರುವ ಹೊತ್ತನ್ನು ಒಂದೇ ವಿಷಯಕ್ಕೆ ಬಳಸುತ್ತೇನೆ. ಮೊಡವೆಗೆಂದು ಮುಖಕ್ಕೆ ಹಚ್ಚುವ ಸ್ಟಿರಾಯ್ಡ್ ಮುಲಾಮು, ಅದು ಮುಖಕ್ಕೆ ಮಾಡುವ ಗತಿ, ಅದರಲ್ಲಿ ನಮ್ಮ ಪಾಲು.

ಧಾರವಾಡದ ಕಡೆ ಕೆಲಸ ಮಾಡುವ ನಮಗೆಲ್ಲ ಗುರುತಿರುವ ರೋಗಿ ಇವಳು. ಡಿಗ್ರಿ ಓದುವ ಹುಡುಗಿ, ಪಕ್ಕದಲ್ಲಿ ತಾಯಿ. ಮುಖಕ್ಕೆ ಸುತ್ತಿದ ವೇಲು ಬಿಚ್ಚಲು ಮನಸ್ಸಿಲ್ಲ. ಬಿಚ್ಚಿದರೆ ಎರಡೂ ಕೆನ್ನೆ ಕೆಂಪೇರಿ ಹೊಳೆಯುತ್ತಿವೆ. ಹತ್ತಿರ ಹೋಗಿ ನೋಡಿದರೆ ಗುಳ್ಳೆಗಳೆಲ್ಲ ಒಂದೇ ಅಳತೆ, ಒಂದೇ ವಯಸ್ಸು. ಹರೆಯದ ಸಾದಾ ಮೊಡವೆ ಹಾಗಿರುವುದಿಲ್ಲ. ಅಲ್ಲಿ ಕಪ್ಪು ತಲೆ, ಬಿಳಿ ತಲೆ, ಕೀವು, ಗಂಟು ಎಲ್ಲವೂ ಕಲೆತು ಕೂತಿರುತ್ತವೆ. ಡರ್ಮೋಸ್ಕೋಪ್ ಇಟ್ಟರೆ ತೆಳ್ಳಗಾದ ಚರ್ಮದ ಕೆಳಗೆ ರಕ್ತನಾಳಗಳ ಕೆಂಪು ಎಳೆಗಳು ಕವಲೊಡೆದು ಹರಡಿರುವುದು ಕಾಣುತ್ತದೆ. ಕಿವಿಯ ಮುಂದಿನಿಂದ ಗಲ್ಲದವರೆಗೆ ನವಿರು ಕೂದಲು ಬೆಳೆದಿದೆ. ಏನು ಹಚ್ಚುತ್ತೀಯಮ್ಮ ಎಂದು ಕೇಳಿದರೆ ಮೊದಲ ಉತ್ತರ, "ಏನೂ ಇಲ್ರಿ." ಆಮೇಲೆ ಬ್ಯಾಗಿನಿಂದ ಒಂದು ಟ್ಯೂಬು ಹೊರಬರುತ್ತದೆ. ಬಾಲದಿಂದ ಸುತ್ತಿ ಸುತ್ತಿ ಹಿಂಡಿ, ಮೂತಿಯಷ್ಟೇ ಉಳಿದದ್ದು. "ಹಚ್ಚಿದ್ರ ಛಲೋ ಇರತೈತ್ರಿ ಡಾಕ್ಟ್ರ, ಒಂದಿನ ಬಿಟ್ರ ಉರಿ ಏಳತೈತಿ" ಎನ್ನುತ್ತಾಳೆ. ರೋಗದ ಇಡೀ ಚರಿತ್ರೆ ಆ ಒಂದು ಮಾತಿನಲ್ಲಿದೆ.

ಈ ಔಷಧದ ಮೇಲೆ ನನಗೆ ಹಗೆಯಿಲ್ಲ. ಕಾರ್ಟಿಸೋನ್ ಕುರಿತ ಕೆಲಸಕ್ಕಾಗಿ 1950ರಲ್ಲಿ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಅವರಿಗೆ ನೊಬೆಲ್ ಬಂತು. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡರು. ನಮ್ಮ ಶಾಸ್ತ್ರದ ದಿಕ್ಕೇ ಅಲ್ಲಿಂದ ಬದಲಾಯಿತು. ಪೆಂಫಿಗಸ್ ರೋಗಿಯನ್ನು, ಕುಷ್ಠರೋಗದ ರಿಯಾಕ್ಷನ್‌ನಲ್ಲಿ ನರ ಸೋಲುತ್ತಿರುವವನನ್ನು ಇಂದಿಗೂ ಉಳಿಸುವುದು ಸ್ಟಿರಾಯ್ಡೇ. ಇಸುಬು ಇರುವ ಮಗುವಿನ ತಾಯಿ ಹೆದರಿ ಬೇಕಾದ ಮುಲಾಮನ್ನೂ ಹಚ್ಚದೆ ಕೂರುವುದನ್ನು ನೀವೂ ನೋಡಿದ್ದೀರಿ. ನನ್ನ ಮಾತು ಕೇಳಿ ಆ ಹೆದರಿಕೆ ಹೆಚ್ಚಾದರೆ ಅದೂ ನಷ್ಟವೇ.

ಆದರೆ ಮುಖ ಮೊಣಕೈಯಲ್ಲ. ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲೇ ಅಳೆದು ತೋರಿಸಿದ್ದರು. ಮುಂದೋಳಿನ ಚರ್ಮ ಹೀರಿಕೊಳ್ಳುವ ಹೈಡ್ರೋಕಾರ್ಟಿಸೋನ್ ಒಂದು ಪಾಲಾದರೆ ಹಣೆ ಹೀರುವುದು 6 ಪಾಲು, ದವಡೆಯ ಮೂಲೆ 13 ಪಾಲು. ಮೊಡವೆ ಹೆಚ್ಚು ಏಳುವ ಜಾಗಗಳು ಇವೇ ಅಲ್ಲವೇ? ಅಲ್ಲಿಗೆ ಹುಡುಗರು ಹಚ್ಚುತ್ತಿರುವುದು ಹೈಡ್ರೋಕಾರ್ಟಿಸೋನ್ ಕೂಡ ಅಲ್ಲ, ಬೆಟಾಮೆಥಾಸೋನ್, ಮೊಮೆಟಾಸೋನ್, ಒಮ್ಮೊಮ್ಮೆ ಕ್ಲೋಬೆಟಾಸಾಲ್. ಅಂಗಾಲಿನ ದಪ್ಪ ಚರ್ಮಕ್ಕೆಂದು ಇಟ್ಟುಕೊಂಡ ಮದ್ದು ಅದು.

ಮೊದಲ ಮೂರು ದಿನ ಮದ್ದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ರಕ್ತನಾಳ ಕುಗ್ಗಿ ಕೆಂಪು ಇಳಿಯುತ್ತದೆ, ಊತ ಬತ್ತುತ್ತದೆ, ಬಣ್ಣವೂ ಒಂದಿಷ್ಟು ತಿಳಿಯಾಗುತ್ತದೆ. ಮೊಡವೆಯ ಮೂಲಕ್ಕೆ, ಅಂದರೆ ರಂಧ್ರ ಮುಚ್ಚಿದ ಬೆಣೆಗೂ ಅದರ ಹಿಂದೆ ಕಟ್ಟಿಕೊಂಡ ಜಿಡ್ಡಿಗೂ ಅದು ಕೈ ಹಾಕಿರುವುದಿಲ್ಲ. ವಾರಗಳು ಕಳೆದಂತೆ ಮೇಲ್ಪದರದ ಕೋಶಗಳು ಹುಟ್ಟುವುದು ನಿಧಾನವಾಗುತ್ತದೆ, ಕೊಲ್ಲಾಜನ್ ಕುಂದುತ್ತದೆ, ಚರ್ಮ ತೆಳ್ಳಗಾಗುತ್ತದೆ, ಕುಗ್ಗಿದ್ದ ನಾಳಗಳು ಹಿಗ್ಗಿ ಹಾಗೆಯೇ ಉಳಿಯುತ್ತವೆ. ರೋಮಕೂಪದಲ್ಲಿ ಡೆಮೋಡೆಕ್ಸ್ ಹುಳು ಹೆಚ್ಚುವುದೂ ಉಂಟು. ಮೊಡವೆಯ ಬ್ಯಾಕ್ಟೀರಿಯ ಇರುವ ಕಡೆ ಸ್ಟಿರಾಯ್ಡ್ ಸೇರಿದರೆ ಉರಿಯೂತ ಎಬ್ಬಿಸುವ ಗ್ರಾಹಕಗಳೇ ಹೆಚ್ಚಾಗುತ್ತವೆ ಎಂದು ಪ್ರಯೋಗಶಾಲೆಯ ಕೆಲಸಗಳು ತೋರಿಸಿವೆ. ಬಾಯಿಯ ಸುತ್ತ ಗುಳ್ಳೆಯ ಉಂಗುರ, ಅಲ್ಲಲ್ಲಿ ಬಿಳಿ ಮಚ್ಚೆ, ಹುಳುಕಡ್ಡಿ ಇದ್ದರೆ ಅದರ ಗುರುತೇ ಸಿಗದಂತೆ ಮರೆಮಾಚಿದ ರೂಪ. ರೆಪ್ಪೆಯ ಹತ್ತಿರ ತಿಂಗಳುಗಟ್ಟಲೆ ಹಚ್ಚಿದವರಿಗೆ ಕಣ್ಣಿನ ಒತ್ತಡವೂ ಏರಬಹುದು. ಇಂಥವರನ್ನು ನೇತ್ರತಜ್ಞರ ಕಡೆ ಕಳಿಸುವುದನ್ನು ನಾವು ಬಹಳ ಸಲ ಮರೆಯುತ್ತೇವೆ.

ಈ ಹಾನಿ ಹೊಸ ಶೋಧವೇನಲ್ಲ. ಇಂಗ್ಲೆಂಡಿನ ಸ್ನೆಡನ್ 1969ರಲ್ಲೇ ಫ್ಲೋರಿನ್ ಸೇರಿದ ಸ್ಟಿರಾಯ್ಡ್ ಮುಖಕ್ಕೆ ಮಾಡುವ ಹಾನಿಯನ್ನು ಬರೆದರು. 1979ರಲ್ಲಿ ಕ್ಲಿಗ್‌ಮನ್ ಮತ್ತು ಫ್ರಾಶ್ ಇದನ್ನು ನೇರವಾಗಿ ಚಟವೆಂದೇ ಕರೆದರು. ಅದೇ ಕ್ಲಿಗ್‌ಮನ್ ನಾಲ್ಕು ವರ್ಷ ಮೊದಲು, 1975ರಲ್ಲಿ, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಡೆಕ್ಸಾಮೆಥಾಸೋನ್ ಕಲಸಿದ ಸೂತ್ರ ಕೊಟ್ಟವರು! ಅದರ ಮೊಮೆಟಾಸೋನ್ ಬೆರೆತ ಭಾರತೀಯ ಸೋದರಿ ಮುಖದ ಬಂಗಿಗೆ ಕೆಲವು ವಾರ ಹಚ್ಚಲೆಂದು ಬಂದು, ನಮ್ಮ ಹಳ್ಳಿಹಳ್ಳಿಯಲ್ಲಿ "ಬೆಳ್ಳಗಾಗೋ ಕ್ರೀಮ್" ಆಗಿ ನೆಲೆಯೂರಿತು. ಹೆಣ್ಣು ನೋಡಲು ಬರುವವರಿದ್ದಾರೆ ಎಂದಾಗ ಮೊಡವೆಗೂ ಅದೇ, ಬಣ್ಣಕ್ಕೂ ಅದೇ.

ಇನ್ನು ನಮ್ಮ ಪಾಲಿನ ಮಾತು. ಮೆಡಿಕಲ್ ಶಾಪಿನವರನ್ನು, ಪಾರ್ಲರಿನವರನ್ನು ಬೈಯುವುದು ನಮ್ಮ ಸಮ್ಮೇಳನಗಳಲ್ಲಿ ಸುಲಭದ ಕೆಲಸ, ಚಪ್ಪಾಳೆಯೂ ಬೀಳುತ್ತದೆ. 2011ರಲ್ಲಿ ನಮ್ಮದೇ ರಾಷ್ಟ್ರೀಯ ಪತ್ರಿಕೆಯಲ್ಲಿ ಬಂದ ಬಹುಕೇಂದ್ರ ಅಧ್ಯಯನವನ್ನು ಇನ್ನೊಮ್ಮೆ ತೆರೆದು ನೋಡಿ. ಮುಖದ ತೊಂದರೆಗೆಂದು ಬಂದ 2926 ಜನರಲ್ಲಿ 433 ಮಂದಿ ಸ್ಟಿರಾಯ್ಡ್ ಹಚ್ಚುತ್ತಿದ್ದರು, ಅವರಲ್ಲಿ 104 ಮಂದಿ ಮೊಡವೆಗೆ. 392 ಜನರಲ್ಲಿ ಅಡ್ಡಪರಿಣಾಮ ಕಂಡಿತು. ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಅಡ್ಡಪರಿಣಾಮ ಯಾವುದು? ಮೊಡವೆ. ಇಷ್ಟನ್ನು ನಾವು ಎಲ್ಲ ಕಡೆ ಹೇಳುತ್ತೇವೆ. ಹೇಳದೆ ಬಿಡುವುದು ಇನ್ನೊಂದು ಸಾಲು. ಆ 433ರಲ್ಲಿ 176 ಜನರಿಗೆ ಮುಲಾಮು ಬರೆದುಕೊಟ್ಟವರು ವೈದ್ಯರು. ಅದರಲ್ಲಿ 78 ಚೀಟಿ ಚರ್ಮರೋಗ ತಜ್ಞರಲ್ಲದವರದ್ದು. ಉಳಿದವು ಯಾರವೆಂದು ಬಿಡಿಸಿ ಹೇಳಬೇಕಿಲ್ಲ. 176ರಲ್ಲಿ 146 ಚೀಟಿಗಳನ್ನು ಮತ್ತೆ ಮತ್ತೆ ಅಂಗಡಿಗೆ ಒಯ್ದು ಬೇಡದಿದ್ದರೂ ಮದ್ದು ಕೊಳ್ಳಲಾಗಿತ್ತು.

ಏಕೆಂದರೆ ನಮ್ಮ ಚೀಟಿಗಳಲ್ಲಿ ಶುರುವಿನ ದಿನಾಂಕ ಇರುತ್ತದೆ, ನಿಲ್ಲಿಸುವ ದಿನಾಂಕ ಇರುವುದಿಲ್ಲ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದೇ.

ಸರ್ಕಾರ ಕೈಕಟ್ಟಿ ಕೂತಿಲ್ಲ. ಷೆಡ್ಯೂಲ್ ಎಚ್ ಪಟ್ಟಿಯಲ್ಲಿ ಹೊರಗೆ ಹಚ್ಚುವ ಔಷಧಗಳಿಗೆ ಬಹುಕಾಲ ರಿಯಾಯಿತಿ ಇತ್ತು. ಆ ಕಿಂಡಿಯಿಂದಲೇ ಮುಲಾಮುಗಳು ಚೀಟಿಯಿಲ್ಲದೆ ಹೊರಗೆ ಹರಿದವು. ನಮ್ಮ ರಾಷ್ಟ್ರೀಯ ಸಂಘ ಇದಕ್ಕೆಂದೇ ಕಾರ್ಯಪಡೆ ಕಟ್ಟಿ ದೆಹಲಿಯ ಬಾಗಿಲು ತಟ್ಟಿತು. 2018ರಲ್ಲಿ 14 ಸ್ಟಿರಾಯ್ಡ್‌ಗಳಿಗೆ ಆ ರಿಯಾಯಿತಿ ಹೋಯಿತು. ಆದರೂ ಕೌಂಟರಿನ ಮುಂದೆ ನಿಂತು ಹಳೆಯ ಟ್ಯೂಬು ತೋರಿಸಿದರೆ ಹೊಸದು ಸಿಗುತ್ತದೆ. ಫೋನಿನಲ್ಲಿ ಫೋಟೋ ತೋರಿಸಿದರೂ ಸಿಗುತ್ತದೆ. ಕಾಯಿದೆ ಬೇಕು, ಆದರೆ ಚೀಟಿ ಬರೆಯುವ ಕೈ ಬದಲಾಗದಿದ್ದರೆ ಕಾಯಿದೆ ಅಂಗಡಿಯ ಗೋಡೆಗೆ ಅಂಟಿಸಿದ ಕಾಗದ ಅಷ್ಟೇ.

ನಮಗಿರುವ ನಿಜವಾದ ಕಷ್ಟವನ್ನೂ ಒಪ್ಪಿಕೊಳ್ಳೋಣ. ಸರಿಯಾದ ಮದ್ದು, ಅಂದರೆ ಅಡಾಪಲಿನ್, ಬೆಂಜಾಯಿಲ್ ಪೆರಾಕ್ಸೈಡ್, ಗುಣ ತೋರಿಸಲು ಆರರಿಂದ ಎಂಟು ವಾರ ತೆಗೆದುಕೊಳ್ಳುತ್ತವೆ. ಮೊದಮೊದಲು ಚರ್ಮ ಒಣಗಿಸಿ ಸಿಪ್ಪೆ ಏಳಿಸುತ್ತವೆ. ತಪ್ಪು ಮದ್ದು ಮೂರನೇ ದಿನಕ್ಕೇ ಮುಖ ತೊಳೆದಂತೆ ಮಾಡುತ್ತದೆ. ಹುಡುಗಿಯ ಕನ್ನಡಿ ಅಂಗಡಿಯವನ ಕಡೆಗೇ ಸಾಕ್ಷಿ ಹೇಳುತ್ತದೆ. ಹಾಗಾಗಿ ಈ ಮಾತನ್ನು ಮೊದಲ ಭೇಟಿಯಲ್ಲೇ, ಟ್ಯೂಬು ಕೈಗೆ ಕೊಡುವ ಮುಂಚೆಯೇ ಆಡಬೇಕು. ಇಬ್ಬರಿಗೂ ತಿಳಿಯುವ ಕನ್ನಡದಲ್ಲಿ, ತಾಯಿಗೂ ಕೇಳುವಂತೆ: "ಎರಡು ವಾರ ಇದು ನಿನಗೆ ಕಿರಿಕಿರಿ ಮಾಡುತ್ತದೆ, ಬಿಡಬೇಡ. ಬೇಗ ಬೆಳ್ಳಗೆ ಮಾಡುವುದನ್ನು ಯಾರಾದರೂ ಕೊಟ್ಟರೆ ಹಚ್ಚುವ ಮುಂಚೆ ನನಗೆ ತೋರಿಸು."

ಚಟ ಹತ್ತಿದ ಮೇಲೆ ಬಿಡಿಸುವುದು ಸುಲಭವಲ್ಲ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಉರಿ, ಕೆಂಪು, ಕೀವುಗುಳ್ಳೆ ಒಮ್ಮೆಗೇ ನುಗ್ಗುತ್ತವೆ. ಇದನ್ನು ಮುಂಚೆಯೇ ಹೇಳದಿದ್ದರೆ ರೋಗಿ ನಮ್ಮ ಮದ್ದಿನಿಂದಲೇ ಹೀಗಾಯಿತೆಂದು ತಿಳಿದು ಹಳೆಯ ಟ್ಯೂಬಿಗೆ ಮರಳುತ್ತಾಳೆ. ತೀಕ್ಷ್ಣ ಸ್ಟಿರಾಯ್ಡ್ ಬಹಳ ದಿನ ಹಚ್ಚಿದ್ದರೆ ಶಕ್ತಿ ಕಡಿಮೆ ಇರುವುದಕ್ಕೆ ಇಳಿಸಿ ಬಿಡಿಸಬಹುದು. ಟ್ಯಾಕ್ರೋಲಿಮಸ್, ಬಾಯಿಯಿಂದ ಡಾಕ್ಸಿಸೈಕ್ಲಿನ್, ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್. ಇದಕ್ಕಿಂತ ಹೆಚ್ಚು ಹಚ್ಚಿದಷ್ಟೂ ಆ ಮುಖ ಕೆರಳುತ್ತದೆ. ತಿಂಗಳುಗಳು ಬೇಕು. ಗುಳ್ಳೆ ಹೋಗುತ್ತದೆ, ಹಿಗ್ಗಿದ ನಾಳಗಳು ಬಹುಪಾಲು ಉಳಿಯುತ್ತವೆ. ಅದಕ್ಕೆ ಲೇಸರ್ ಇದೆ, ಆದರೆ ಎಷ್ಟು ಮನೆಗಳಿಗೆ ಆ ಖರ್ಚು ನಿಲುಕುತ್ತದೆ?

ಸೂಜಿಯ ಬಗ್ಗೆ ಎರಡು ಮಾತು. ಗಂಟು ಮೊಡವೆಗೆ ಟ್ರೈಯಾಮ್ಸಿನೊಲೋನ್ ಚುಚ್ಚುವುದು ಒಪ್ಪಿತ ಚಿಕಿತ್ಸೆ. ಮದುವೆಗೆ ಎರಡು ದಿನ ಇರುವಾಗ ಓಡಿ ಬಂದವರಿಗೆ ವರವೂ ಹೌದು. ಆದರೆ ಮಿಲಿಲೀಟರಿಗೆ 2.5 ಮಿಲಿಗ್ರಾಂ ಮೀರದಂತೆ ತೆಳುಮಾಡಿ, ಗಂಟಿನ ನಡುವಿಗೇ ಒಂದೆರಡು ಹನಿ ಸಾಕು. ದಟ್ಟವಾಗಿ ಚುಚ್ಚಿದರೆ ಕೆನ್ನೆಯಲ್ಲಿ ಕುಳಿ ಬೀಳುತ್ತದೆ, ಬಿಳಿ ಮಚ್ಚೆ ಬೀಳುತ್ತದೆ, ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಗಡಿಬಿಡಿಯಲ್ಲಿ ಬಾಟಲಿಯಿಂದ ನೇರ ಎಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಬಾಯಿಯ ಪ್ರೆಡ್ನಿಸೋಲೋನ್‌ಗೆ ಮೊಡವೆಯಲ್ಲಿ ಜಾಗ ಇರುವುದು ಜ್ವರ, ಹುಣ್ಣುಗಳೊಡನೆ ಭುಗಿಲೇಳುವ ಆಕ್ನೆ ಫಲ್ಮಿನನ್ಸ್‌ನಂಥ ಅಪರೂಪದ ಸ್ಥಿತಿಯಲ್ಲಿ. ಹಾಸ್ಟೆಲಿನ ಹುಡುಗನ ಸಾದಾ ಮೊಡವೆಗೆ ಅದನ್ನು ಬರೆದ ಚೀಟಿ ನೋಡಿದಾಗ ನಾನು ಆ ಸಹೋದ್ಯೋಗಿಗೆ ಫೋನ್ ಮಾಡುತ್ತೇನೆ. ನೀವೂ ಮಾಡಿ. ಜಗಳಕ್ಕಲ್ಲ, ಕೇಳಲು.

ಮಧ್ಯಾಹ್ನದ ಗೋಷ್ಠಿಗೆ ಔಷಧ ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದಿದ್ದೇವೆ. ಅವರ ಮುಂದೆ ದೂರು ಓದುವ ಬದಲು ಒಂದು ಚೀಟಿಯ ನಮೂನೆ ಇಡಲು ಕಾರ್ಯಕಾರಿ ಸಮಿತಿ ಒಪ್ಪಿದೆ. ಸ್ಟಿರಾಯ್ಡ್ ಇರುವ ಪ್ರತಿ ಚೀಟಿಯಲ್ಲೂ ಕನ್ನಡದಲ್ಲಿ ಮೂರು ಸಾಲು: ಎಲ್ಲಿ ಹಚ್ಚಬೇಕು, ಯಾವ ತಾರೀಖಿಗೆ ನಿಲ್ಲಿಸಬೇಕು, ಈ ಚೀಟಿಗೆ ಎರಡನೇ ಸಲ ಕೊಡಬಾರದು. ನಾವು ಬರೆದರೆ ಪಾಲಿಸುತ್ತೀರಾ ಎಂದು ಅವರನ್ನು ಕೇಳೋಣ. ನೀವು ಬರೆಯುತ್ತೀರಾ ಎಂದು ಅವರು ನಮ್ಮನ್ನು ಕೇಳುತ್ತಾರೆ, ಉತ್ತರ ಸಿದ್ಧ ಮಾಡಿಕೊಂಡು ಬನ್ನಿ. ನಮೂನೆಯ ಪ್ರತಿಗಳು ನೋಂದಣಿ ಮೇಜಿನ ಮೇಲಿವೆ. ತಿದ್ದುಪಡಿ ಇದ್ದವರು ಊಟಕ್ಕೆ ಏಳುವ ಮುಂಚೆ ಅದರ ಮೇಲೆಯೇ ಬರೆದು ಕಾರ್ಯದರ್ಶಿಗಳ ಕೈಗೆ ಕೊಡಿ.