ಅಶ್ವಶಕ್ತಿಯನ್ನು ಅಳೆಯುವ ಬಗೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು, ಗಿರಣಿಗಳಲ್ಲಿ ದುಡಿದು ಉಳಿಸಿದ ಹಣದಿಂದ ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುವವರು ನಮ್ಮಲ್ಲಿದ್ದಾರೆ. "ಎಂಜಿನ್ನಿಗೆ ಹತ್ತು ಅಶ್ವಶಕ್ತಿ ಹೆಚ್ಚಿಸಿಕೊಡುತ್ತೇವೆ" ಎಂದು ಹಣ ಪಡೆದು, ಡೈನೊ ಯಂತ್ರದ ಚೀಟಿಯನ್ನು ಮುಂದೆ ಹಿಡಿಯುವ ಗ್ಯಾರೇಜುಗಳೂ ಇವೆ. ಆ ಅಂಕಿ ಹೇಗೆ ಬಂತೆಂದು ಕೇಳುವುದು ಹಣ ಕೊಟ್ಟವನ ಹಕ್ಕು.

ನಿಮಿಷಕ್ಕೆ 33,000 ಪೌಂಡು ಭಾರವನ್ನು ಒಂದಡಿ ಎತ್ತುವ ಶಕ್ತಿಯನ್ನು ಜೇಮ್ಸ್ ವಾಟ್ ಒಂದು ಅಶ್ವಶಕ್ತಿ ಎಂದು ಗೊತ್ತುಪಡಿಸಿದನು. ಇದು ಸುಮಾರು 746 ವಾಟ್. ಮೆಟ್ರಿಕ್ ಅಶ್ವಶಕ್ತಿಯಾದರೋ 735.5 ವಾಟ್ ಮಾತ್ರ. ಮೊದಲನೆಯದರಲ್ಲಿ 100 ಇದ್ದುದು ಎರಡನೆಯದರಲ್ಲಿ 101 ದಾಟುತ್ತದೆ. ಎಂಜಿನ್ನಿಗೆ ಏನೂ ಆಗಿರುವುದಿಲ್ಲ!

ಡೈನೊದಲ್ಲಿ ಕಾರಿನ ಚಕ್ರಗಳು ಉರುಳೆಗಳನ್ನು ತಿರುಗಿಸುತ್ತವೆ. ಅಲ್ಲಿ ಸಿಗುವುದು ಚಕ್ರದ ಶಕ್ತಿ. ಮೋಟಾರಿನ ಶಕ್ತಿಯೆಲ್ಲ ಮಗ್ಗಕ್ಕೆ ಮುಟ್ಟುವುದಿಲ್ಲ, ಶಾಫ್ಟು ಬೆಲ್ಟುಗಳು ಒಂದಿಷ್ಟು ತಿನ್ನುತ್ತವೆ ಎಂಬುದು ಗಿರಣಿಯವರಿಗೆ ಗೊತ್ತು. ಕಾರಿನಲ್ಲಿ ಗೇರು, ಟೈರುಗಳು ಹಾಗೆಯೇ ತಿನ್ನುತ್ತವೆ. ಕಂಪನಿಯ ಪುಸ್ತಕದಲ್ಲಿರುವುದು ಎಂಜಿನ್ನಿನ ಶಕ್ತಿ. ಇವೆರಡನ್ನೂ ಹೋಲಿಸಬಾರದು. ನಷ್ಟವನ್ನು ಅಂದಾಜಿನಿಂದ ಕೂಡಿಸಿದ್ದರೆ, ಕೂಡಿಸದ ಅಂಕಿಯನ್ನೇ ಕೇಳಿರಿ.

ಇನ್ನು ಗಾಳಿ. ಬಿಸಿಗಾಳಿ ತೆಳು, ಅದರಲ್ಲಿ ಎಂಜಿನ್ನಿನ ಶಕ್ತಿ ಇಳಿಯುತ್ತದೆ. ಆದುದರಿಂದ ಅಳತೆಯನ್ನು 25 ಡಿಗ್ರಿ ಸೆಲ್ಸಿಯಸ್, 99 ಕಿಲೋಪ್ಯಾಸ್ಕಲ್ ಒತ್ತಡದ ಒಣ ಗಾಳಿಗೆ ಹೊಂದಿಸುವ ಎಸ್‌ಎಇ ನಿಯಮವಿದೆ. ಅದೇ ಸಂಸ್ಥೆಯ ಹಳೆಯ ನಿಯಮದಲ್ಲಿ ಲೆಕ್ಕ ಹಾಕಿದರೆ ಅಂಕಿ ಸುಮಾರು ನೂರಕ್ಕೆ ನಾಲ್ಕರಷ್ಟು ಏರುತ್ತದೆ. ಎರಡು ಚೀಟಿಗಳಲ್ಲೂ ಒಂದೇ ನಿಯಮವಿದೆಯೇ ಎಂದು ನೋಡಿರಿ.

ಪರೀಕ್ಷೆಯ ಕ್ರಮ ಇಷ್ಟು: ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಅದೇ ಯಂತ್ರದಲ್ಲಿ ಅಳೆಯಿಸಿರಿ. ಎಂಜಿನ್ನು, ಗೇರು ಎಣ್ಣೆ ಚೆನ್ನಾಗಿ ಕಾದಿರಲಿ. ಗೇರು ಅದೇ ಇರಲಿ. ಟೈರಿನ ಗಾಳಿ, ಕಟ್ಟಿದ ಪಟ್ಟಿಯ ಬಿಗಿ, ಮುಂದಿನ ಫ್ಯಾನು ಯಾವುದೂ ಬದಲಾಗದಿರಲಿ. ಪಟ್ಟಿ ಹೆಚ್ಚು ಬಿಗಿದರೆ ಟೈರು ಉರುಳೆಗೆ ಒತ್ತಿ ಶಕ್ತಿ ಕಡಿಮೆ ತೋರುತ್ತದೆ. ಪ್ರತಿ ಸಲವೂ ಮೂರು ಓಟ ಓಡಿಸಿರಿ. ಆ ಮೂರರಲ್ಲೇ ಮೂರು ಅಶ್ವಶಕ್ತಿಯ ಅಂತರವಿದ್ದರೆ, ಎರಡು ಹೆಚ್ಚಿತೆಂಬ ಮಾತಿಗೆ ಬೆಲೆಯಿಲ್ಲ.

ಹೋಟೆಲಿನ ಉಗ್ರಾಣದವನು ಅಕ್ಕಿ ಇಳಿಸಿಕೊಳ್ಳುವಾಗ ಒಂದು ತಕ್ಕಡಿ, ಲೆಕ್ಕ ಒಪ್ಪಿಸುವಾಗ ಇನ್ನೊಂದು ತಕ್ಕಡಿ ಹಿಡಿದರೆ ಮಾಲೀಕರು ಒಪ್ಪುವರೇ? ನಮ್ಮ ಬೆವರಿನ ಹಣಕ್ಕೂ ಅದೇ ನ್ಯಾಯ ಸಲ್ಲಬೇಕು. ಚೀಟಿಯಲ್ಲಿರುವ ದೊಡ್ಡ ಅಂಕಿಗೆ ಮರುಳಾಗದೆ, ಅಳತೆಯ ರೀತಿಯನ್ನು ಕೇಳಿ ಹಣ ಕೊಡಿರೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.