ಹಿರಿಯರ ದೋಷವೂ ಬರೆಯುವವರ ಹೊಣೆಯೂ

ಮನೆತನದ ಚರಿತ್ರೆಯನ್ನು ಬರೆದಿಡಬೇಕೆಂಬ ಹಂಬಲ ಒಳ್ಳೆಯದೇ. ಆದರೆ ಬರೆಯಲು ಕುಳಿತವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ಕೀರ್ತಿ ತಾರದ ಹಿರಿಯರನ್ನು ಏನು ಮಾಡುವುದು? ಆಧಾರ ದೊರೆಯದ ಕಥೆಗಳನ್ನು ಏನು ಮಾಡುವುದು? ಹಂಪಿ, ಹೊಸಪೇಟೆ, ಸಂಡೂರುಗಳ ಸುತ್ತಿನ ನಮಗೆ ಇವು ಹೊಸ ಪ್ರಶ್ನೆಗಳಲ್ಲ. ನೆರೆಯ ಕಂಪ್ಲಿಯ ಹೆಸರು ಹೊತ್ತ ಪ್ರಾಚೀನ ಅರಸು ಮನೆತನವೇ ಇವನ್ನು ನಮ್ಮ ಮುಂದಿರಿಸಿದೆ.

ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ತಾವೆಲ್ಲ ಕೇಳಿದ್ದೀರಿ. ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಯೊಳಗೆ ಬಿದ್ದದ್ದು, ಆಕೆ ಮೋಹಗೊಂಡದ್ದು, ಒಲ್ಲೆನೆಂದವನ ಮೇಲೆ ಅಪವಾದ ಹೊರಿಸಿದ್ದು, ತಂದೆಯೇ ಮಗನ ತಲೆ ತೆಗೆಯಲು ಅಪ್ಪಣೆಯಿತ್ತದ್ದು, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಪಾಡಿದ್ದು, ಎಲ್ಲವೂ ಕಾವ್ಯದಲ್ಲಿದೆ, ಜನಪದರ ಹಾಡಿನಲ್ಲಿದೆ. ಆದರೆ ಕಂಪಿಲಿ ರಾಜ್ಯ ಅಳಿದದ್ದು 1327ರಲ್ಲಿ. ನಂಜುಂಡಕವಿ ಅದನ್ನು ಸಾಂಗತ್ಯದಲ್ಲಿ ಬರೆದದ್ದು 16ನೆಯ ಶತಮಾನದಲ್ಲಿ. ರತ್ನಾಜಿಯ ಕಡೆಯ ಮಾತನ್ನು ಬರೆದಿಟ್ಟವರಿಲ್ಲ. ಹಾಗೆಂದು ಕಥೆಯನ್ನು ಬಿಸಾಡಬೇಕಾಗಿಲ್ಲ. ‘ಹೀಗೆ ನಡೆಯಿತು’ ಎನ್ನುವಲ್ಲಿ ‘ಹೀಗೆ ಹಾಡುತ್ತಾರೆ’ ಎಂದರೆ ಸಾಕು.

ಅದೇ ಮನೆತನದ ಮತ್ತೊಂದು ಸಂಗತಿಯನ್ನು ಪ್ರವಾಸಿ ಇಬ್ನ್ ಬತೂತ ದಾಖಲಿಸಿದ್ದಾನೆ. ಮರೆಹೊಕ್ಕವನನ್ನು ರಕ್ಷಿಸಲು ಕಂಪಿಲಿಯ ಅರಸ ಹೋರಾಡಿ ಮಡಿದನೆಂದೂ, ಸೆರೆಸಿಕ್ಕ ಅವನ ಮಕ್ಕಳು ಇಸ್ಲಾಂ ಧರ್ಮ ಸ್ವೀಕರಿಸಿ ದೆಹಲಿಯ ಸುಲ್ತಾನನ ಅಮೀರರಾದರೆಂದೂ, ಅವರಲ್ಲಿ ಮೂವರನ್ನು ತಾನೇ ಕಂಡಿದ್ದೆನೆಂದೂ ಅವನು ಹೇಳುತ್ತಾನೆ. ಕುಮಾರರಾಮನ ಶೌರ್ಯವನ್ನು ಕೊಂಡಾಡುವ ನಾವು ಇವರನ್ನು ನೆನೆಯುವುದಿಲ್ಲ. ಮಡಿದವನು ಕುಲದ ಹೆಮ್ಮೆ. ಬದುಕಿ ಉಳಿದವರು ಕುಲದ ಲೆಕ್ಕಕ್ಕೇ ಇಲ್ಲ! ಆದರೆ ಅವರೂ ಆ ಮನೆಯ ಮಕ್ಕಳೇ.

ನಮ್ಮ ಒಕ್ಕಲು ಮನೆಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಹೆಳವರು. ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ಮೂಲಪುರುಷನಿಂದ ಹಿಡಿದು ಹೆಸರು ಹೇಳುವ ಅವರ ಜ್ಞಾಪಕಶಕ್ತಿಗೆ ನಾವು ಋಣಿಗಳು. ಆದರೆ ಕಾಳು, ಬಟ್ಟೆ ನೀಡುವ ಯಜಮಾನನ ಎದುರಿನಲ್ಲಿ ಹೊಗಳಿಕೆ ಮುಂದಾಗುವುದು ಸಹಜ. ಬರೆಯುವ ಮೊಮ್ಮಕ್ಕಳಿಗೆ ಆ ನಿರ್ಬಂಧವಿಲ್ಲ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಭೀಕರ ಬರದಲ್ಲಿ ನಮ್ಮ ಮುತ್ತಜ್ಜ ಹಗೇವು ತೆಗೆದು ಊರಿಗೆಲ್ಲ ಜೋಳ ಹಂಚಿದನೆಂದು ಅಜ್ಜಿ ಹೇಳುತ್ತಿದ್ದಳು. ಮನೆಯ ಪೆಟ್ಟಿಗೆಯಲ್ಲಿದ್ದ ಕ್ರಯಪತ್ರಗಳು ಬೇರೊಂದನ್ನು ಹೇಳುತ್ತವೆ. ಅದೇ ಎರಡು ವರ್ಷಗಳಲ್ಲಿ ನಾಲ್ಕು ಮನೆಗಳವರ ಎರೆಹೊಲಗಳು ಅವನ ಹೆಸರಿಗೆ ಬಂದಿವೆ. ಹಂಚಿದ್ದೂ ನಿಜವಿರಬಹುದು, ಕೊಂಡದ್ದಂತೂ ನಿಜ. ಪತ್ರದಲ್ಲಿ ಹೊಲದ ಚೆಕ್ಕುಬಂದಿ ಇದೆ, ಬೆಲೆ ಇದೆ. ಮಾರಿದವನ ಹಸಿವಿನ ಲೆಕ್ಕ ಅಲ್ಲಿಲ್ಲ. ಕಾಗದವೂ ಒಂದು ಕಡೆಯ ಸಾಕ್ಷಿಯೇ.

ಇದನ್ನು ಬರೆಯಬೇಡ, ಮನೆಯ ಮಾನ ಹೋಗುತ್ತದೆ ಎಂದರು ನಮ್ಮ ದೊಡ್ಡಪ್ಪನವರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮುತ್ತಜ್ಜನ ಆ ವ್ಯವಹಾರವನ್ನು ಅಳಿಸಿದರೆ, ಹೊಲ ಕಳೆದುಕೊಂಡ ಆ ನಾಲ್ಕು ಮನೆಗಳೂ ಅದರೊಡನೆ ಅಳಿದುಹೋಗುತ್ತವೆ. ಒಮ್ಮೆ ಭೂಮಿ ಕಳೆದುಕೊಂಡವರು ಎರಡನೆಯ ಸಲ ನಮ್ಮ ಲೇಖನಿಯಿಂದ ನೆನಪನ್ನೂ ಕಳೆದುಕೊಳ್ಳಬೇಕೆ?

ಆದುದರಿಂದ ನಾನು ಎರಡನ್ನೂ ಬರೆದಿದ್ದೇನೆ. ಅಜ್ಜಿಯ ಮಾತನ್ನು ಅಜ್ಜಿಯ ಹೆಸರಿನಲ್ಲಿ, ಪತ್ರದ ಮಾತನ್ನು ಅದರ ತಾರೀಖಿನೊಡನೆ. ಆ ಮನೆಗಳ ಈಗಿನವರ ಒಪ್ಪಿಗೆಯಿಲ್ಲದೆ ಅವರ ಹೆಸರುಗಳನ್ನು ಅಚ್ಚಿಗೆ ಕೊಡುವುದಿಲ್ಲ. ಅವರು ಹೇಳುವ ಕಥೆ ಬೇರೆಯಾಗಿದ್ದರೆ ಅದಕ್ಕೂ ಪುಟಗಳನ್ನು ಬಿಟ್ಟಿದ್ದೇನೆ. ಮುತ್ತಜ್ಜನಿಗೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಅವನು ಬಿಟ್ಟುಹೋದ ಹೊಲದ ಜೋಳವನ್ನುಂಡು ಬೆಳೆದ ನನಗೆ, ಆ ಹೊಲ ಎಲ್ಲಿಂದ ಬಂತೆಂದು ಹೇಳುವ ಋಣವಂತೂ ಇದೆ.